ಹಡಗಿನ ಊಟಕ್ಕೆ ಮೈಸೂರು ರೇಷ್ಮೆಯೇ ಸಾಕು

ರಾಜಾಜಿನಗರ, ವಿಜಯನಗರದಿಂದ ಮುಂಬೈಗೋ ಸಿಂಗಪುರಕ್ಕೋ ಹೋಗಿ ಕ್ರೂಸ್ ಹತ್ತಲಿರುವವರೇ, ಸೂಚನಾಪತ್ರದಲ್ಲಿ ‘ಫಾರ್ಮಲ್ ನೈಟ್’ ಎಂದು ಓದಿ ಗಾಬರಿಯಾಗಬೇಡಿ. ಒಂದು ರಾತ್ರಿಗಾಗಿ ಸಾವಿರಾರು ರೂಪಾಯಿ ಸುರಿದು ಸೂಟು, ಗೌನು ಹೊಲಿಸುವ ಅಗತ್ಯವಿಲ್ಲ. ಸೀರೆ, ಬಂದ್‌ಗಲಾ, ರೇಷ್ಮೆ ಜುಬ್ಬಾಗಳಿಗೆ ಸಾಮಾನ್ಯವಾಗಿ ಅಲ್ಲಿ ಪೂರ್ಣ ಮಾನ್ಯತೆಯಿದೆ. ಆದರೂ ನಿಮ್ಮ ಹಡಗಿನ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ನನ್ನನ್ನು ಕೇಳಿದರೆ ಮೈಸೂರು ರೇಷ್ಮೆಗಿಂತ ಒಳ್ಳೆಯ ಆಯ್ಕೆಯಿಲ್ಲ. ಬೆಂಕಿಯ ಭಯದಿಂದ ಬಹುತೇಕ ಹಡಗುಗಳು ಇಸ್ತ್ರಿಪೆಟ್ಟಿಗೆ ತರಲು ಬಿಡುವುದಿಲ್ಲ. ಬಿಗಿಯಾಗಿ ಹುರಿಗೊಳಿಸಿದ ನೂಲಿನ ಈ ಕ್ರೇಪ್ ಬಟ್ಟೆ ಸುಲಭಕ್ಕೆ ಸುಕ್ಕಾಗದು, ಮಡಿಚಿದರೆ ಹೆಚ್ಚು ಜಾಗವೂ ಬೇಡ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ನೇಯ್ಗೆಯನ್ನು ಉಟ್ಟು ಕೂತರೆ ಯಾರ ಮುಂದೆಯೂ ಸಂಕೋಚಪಡಬೇಕಿಲ್ಲ. ನೆರಿಗೆಗೆ ಪಿನ್ ಹಾಕಿ. ಹಡಗು ತುಸು ಓಲಾಡುತ್ತದೆ, ಹೀಲ್ಸ್ ಬೇಡವೇ ಬೇಡ.

ಉಳಿದ ರಾತ್ರಿಗಳಿಗೆ ಪ್ಯಾಂಟು, ಕಾಲರ್ ಇರುವ ಶರ್ಟು, ಚೂಡಿದಾರ್ ಧಾರಾಳವಾಯಿತು. ಮುಖ್ಯ ಭೋಜನಶಾಲೆಗೆ ಈಜುಡುಗೆ, ಬನಿಯನ್, ಹವಾಯಿ ಚಪ್ಪಲಿಯಲ್ಲಿ ಹೋಗಬೇಡಿ. ಮಕ್ಕಳು ಹಟ ಮಾಡಿದರೆ ಬಫೆ ಕಡೆಗೆ ಕರೆದೊಯ್ಯಿರಿ, ಅಲ್ಲಿ ಕಟ್ಟುನಿಟ್ಟು ಕಡಿಮೆ.

ಇನ್ನೊಂದು ಮಾತು. ಮೊದಲ ದಿನ ಒಪ್ಪಿಸಿದ ಸೂಟ್‌ಕೇಸ್ ಕೋಣೆಗೆ ಬರುವಾಗ ಕತ್ತಲಾಗಿರಬಹುದು. ಆ ರಾತ್ರಿಯ ಉಡುಪನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಿರಿಯರಿಗೆ ಒಂದು ಶಾಲೂ ಇರಲಿ, ಏಸಿಯ ಚಳಿ ಜೋರು.