ಮಧುಮೇಹ: ಗಂಜಿಯೂಟ ಮತ್ತು ತೋಟದ ದುಡಿಮೆ

ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಿಕೆ ಕೃಷಿಕರಲ್ಲಿ ಎರಡನೆಯ ಬಗೆಯ ಮಧುಮೇಹ ಪತ್ತೆಯಾದೊಡನೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಇನ್ನು ಗಂಜಿಯೂಟ ಸಲ್ಲದೆ ಎಂಬುದು. ಸಲ್ಲುತ್ತದೆ, ಅಳತೆ ಬದಲಾಗಬೇಕು. ತವುಡು ಉಳಿದ ಕೆಂಪು ಕುಚ್ಚಲಕ್ಕಿ ಬೆಳ್ತಿಗೆಗಿಂತ ಮೇಲು; ಆದರೂ ಅದು ಪಿಷ್ಟವೇ. ತುಂಬಿದ ಬಟ್ಟಲು ಗಂಜಿಗೆ ಉಪ್ಪಿನಕಾಯಿಯಷ್ಟೇ ಜೊತೆಯಾದರೆ ರಕ್ತದ ಸಕ್ಕರೆ ಏರುತ್ತದೆ. ಗಂಜಿಯನ್ನು ಅರ್ಧಕ್ಕಿಳಿಸಿ ಹೆಸರುಕಾಳು, ಅಲಸಂಡೆ, ಬಸಳೆ, ತೊಂಡೆಕಾಯಿಗಳನ್ನು ಹೆಚ್ಚಿಸುವುದು ಲೇಸು. ಹಲಸಿನ ಹಣ್ಣು ತಿಂದ ದಿನ ಅನ್ನ ಅಷ್ಟು ಕಡಿಮೆಯಾಗಲಿ. ಸಕ್ಕರೆಗೆ ಬದಲು ಬೆಲ್ಲ ಬಳಸಿದರೆ ಬಾಧಕವಿಲ್ಲವೆಂಬ ನಂಬಿಕೆ ನಿರಾಧಾರ.

ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ಹಾರೆ ಹಿಡಿದವರಿಗೆ ಒಮ್ಮೆಲೇ ಬೆವರು, ನಡುಕ, ಮಂಕು ಕವಿಯಬಹುದು. ಸಕ್ಕರೆಯಂಶ ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಕೆಳಗಿಳಿದಾಗಿನ ಲಕ್ಷಣಗಳಿವು. ಆಗ ಮೂರು ಚಮಚ ಸಕ್ಕರೆ ಕದಡಿದ ನೀರೇ ಔಷಧ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಪಾದ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ನರಗಳು ಕುಂದಿ, ಮುಳ್ಳು ನಾಟಿದ್ದೂ ತಿಳಿಯದು. ಮಳೆಗಾಲದ ಕೆಸರಿನಲ್ಲಿ ಬರಿಗಾಲಲ್ಲಿ ತೋಟಕ್ಕಿಳಿಯುವುದೂ ಬಚ್ಚಲೊಲೆಯ ಮುಂದೆ ಕಾಲು ಕಾಯಿಸುವುದೂ ಅಪಾಯಕರ. ರಾತ್ರಿ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು.

ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಂಕಿ ಇಳಿಯಿತೆಂದು ತಾವಾಗಿಯೇ ಮಾತ್ರೆ ಬಿಡುವವರುಂಟು. ಅದು ಇಳಿದಿದ್ದೇ ಮಾತ್ರೆ, ಪಥ್ಯಗಳಿಂದ; ಬಿಡುವ ನಿರ್ಧಾರ ವೈದ್ಯರದು. ಕಣ್ಣು, ಮೂತ್ರಪಿಂಡಗಳ ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು, ನೋಟ ನಿಚ್ಚಳವಾಗಿದ್ದರೂ.