ಕೆಸರಿನಡಿಯ ಅನಿಲ

ಮಕ್ಕಳೇ, ಕೆರೆಯ ದಂಡೆಯಲ್ಲಿ ಎಲೆ ಕೊಳೆತ ಕೆಸರನ್ನು ಕೋಲಿನಿಂದ ಕಲಕಿದರೆ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ನೀವು ನೋಡಿರಬಹುದು. 1776ರ ನವೆಂಬರ್‌ನಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದಲ್ಲಿ ಹೀಗೆಯೇ ಕೆಸರು ಕಲಕಿ, ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದರು. ಬೆಂಕಿ ತಾಗಿಸಿದಾಗ ಅದು ಉರಿಯಿತು! ಆ ಅನಿಲವೇ ಮಿಥೇನ್. ವಿದ್ಯುತ್ ಅಳೆಯುವ 'ವೋಲ್ಟ್' ಎಂಬ ಮಾನಕ್ಕೆ ಈ ವೋಲ್ಟಾ ಅವರ ಹೆಸರನ್ನೇ ಇಡಲಾಗಿದೆ.

ಅನಿಲ ಹುಟ್ಟುವುದು ಹೇಗೆ?

ಸಮುದ್ರ ಸೇರುವಲ್ಲಿ ನದಿಯ ವೇಗ ಕುಗ್ಗುತ್ತದೆ. ಅದು ಹೊತ್ತು ತಂದ ಮರಳು, ಮೆಕ್ಕಲುಮಣ್ಣು, ಎಲೆ, ಕಡ್ಡಿಗಳು ಪದರ ಪದರವಾಗಿ ಕೂರುತ್ತವೆ. ಹೀಗೆ ಉಂಟಾದ ನೆಲವೇ ಮುಖಜಭೂಮಿ. ಹೂತುಹೋದ ಎಲೆಕಡ್ಡಿಗಳಿಗೆ ಗಾಳಿ ತಾಗುವುದಿಲ್ಲ. ಆಗ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅವನ್ನು ಕೊಳೆಸಿ ಮಿಥೇನ್ ಉತ್ಪಾದಿಸುತ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ ಕೆಲಸ. ಬಹಳ ಆಳದಲ್ಲಿ ಭೂಮಿಯ ಶಾಖದಿಂದಲೂ ಅನಿಲ ಉಂಟಾಗುತ್ತದೆ. ಆದರೆ ಅಷ್ಟು ಬಿಸಿಯಲ್ಲಿ ಈ ಜೀವಿಗಳು ಬದುಕಲಾರವು. ಆದ್ದರಿಂದ ಅವು ತಯಾರಿಸುವ ಅನಿಲ ಕಡಿಮೆ ಆಳದಲ್ಲಿ ಹುಟ್ಟುತ್ತದೆ.

ಹುಡುಕುವುದು ಹೇಗೆ?

ವಿಜ್ಞಾನಿಗಳು ನೆಲದೊಳಗೆ ಕಂಪನದ ಅಲೆಗಳನ್ನು ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯನ್ನು ದಾಖಲಿಸುತ್ತಾರೆ. ಅನಿಲ ತುಂಬಿದ ಮರಳಿನಲ್ಲಿ ಅಲೆಯ ವೇಗ ತಗ್ಗುತ್ತದೆ. ಅಂಥ ಪದರದಿಂದ ಪ್ರತಿಧ್ವನಿ ಜೋರಾಗಿ ಬರಬಹುದು. ಆ ಮೇಲೆ ಬಾವಿ ಕೊರೆದು ಅನಿಲವನ್ನು ಪರೀಕ್ಷಿಸುತ್ತಾರೆ. ಇಂಗಾಲದಲ್ಲಿ ಹಗುರ ಮತ್ತು ಭಾರ ಪರಮಾಣುಗಳಿವೆ. ಸೂಕ್ಷ್ಮಜೀವಿಗಳು ತಯಾರಿಸಿದ ಮಿಥೇನ್‌ನಲ್ಲಿ ಹಗುರ ಇಂಗಾಲದ ಪಾಲು ಹೆಚ್ಚು. ಅನಿಲದ ಹುಟ್ಟನ್ನು ತಿಳಿಯಲು ಇದೊಂದು ಗುರುತು.

ಪೋ ನದಿಯ ಪಾಠ

ಇಟಲಿಯ ಪೋ ನದಿಯ ಮುಖಜಭೂಮಿಯಲ್ಲಿ ಇಂಥ ಅನಿಲ, ಕೆಲವು ನೂರು ಮೀಟರ್ ಆಳದವರೆಗಿನ ಮರಳಿನ ಪದರಗಳಲ್ಲಿ ಉಪ್ಪುನೀರಿನೊಡನೆ ಕರಗಿಕೊಂಡಿತ್ತು. ಸೋಡಾದಲ್ಲಿ ಅನಿಲ ಕರಗಿರುವುದಿಲ್ಲವೇ, ಹಾಗೆ. 1930ರ ದಶಕದ ಕೊನೆಯಿಂದ ಜನರು ಆ ನೀರನ್ನು ಮೇಲೆತ್ತಿ ಅನಿಲವನ್ನು ಬೇರ್ಪಡಿಸತೊಡಗಿದರು. ಇಂಧನವೇನೋ ಸಿಕ್ಕಿತು. ಆದರೆ ಅಪಾರ ನೀರು ಹೊರಬಂದುದರಿಂದ ಕೆಳಗಿನ ಪದರಗಳು ಅದುಮಿಕೊಂಡವು. ಕೆಲವೆಡೆ ನೆಲ 2 ಮೀಟರಿಗಿಂತ ಹೆಚ್ಚು ಕುಸಿಯಿತು! ಮೊದಲೇ ತಗ್ಗಾಗಿದ್ದ ಹೊಲಗಳಿಗೂ ಊರುಗಳಿಗೂ ಪ್ರವಾಹದ ಭಯ ಹೆಚ್ಚಿತು. ಕೊನೆಗೆ 1960ರ ದಶಕದಲ್ಲಿ ಈ ಕೆಲಸವನ್ನು ನಿಲ್ಲಿಸಲಾಯಿತು. ಕುಸಿತದ ವೇಗ ತಗ್ಗಿತು, ಆದರೆ ಇಳಿದ ನೆಲ ಮತ್ತೆ ಮೇಲೇಳಲಿಲ್ಲ. ಇಂದಿಗೂ ಅಲ್ಲಿಯ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಏರಿಗಳೂ ಪಂಪುಗಳೂ ಅದನ್ನು ಕಾಯುತ್ತಿವೆ.

ಮಾಡಿ ನೋಡಿ

ಖಾಲಿ ಹಾಲಿನ ಪ್ಯಾಕೆಟ್‌ನಲ್ಲಿ ಸ್ಪಂಜಿನ ತುಂಡನ್ನಿಟ್ಟು, ನೀರು ತುಂಬಿ, ಬಾಯಿಯನ್ನು ಬಿಗಿಯಾಗಿ ಕಟ್ಟಿ. ತಟ್ಟೆಯಲ್ಲಿ ಮಲಗಿಸಿ ಮೇಲೊಂದು ಸ್ಲೇಟು ಇಡಿ. ಈಗ ಪ್ಯಾಕೆಟ್‌ನ ಬದಿಗೆ ಸೂಜಿಯಿಂದ ಚುಚ್ಚಿ. ನೀರು ಸೋರಿದಂತೆ ಸ್ಲೇಟು ಇಳಿಯುತ್ತದೆ, ಅಲ್ಲವೇ? ಭಾರ ತೆಗೆದರೆ ಸ್ಪಂಜು ಮತ್ತೆ ಉಬ್ಬುತ್ತದೆ. ಅದುಮಿದ ಜೇಡಿಮಣ್ಣು ಮಾತ್ರ ಹಾಗೆ ಪೂರ್ತಿ ಉಬ್ಬುವುದಿಲ್ಲ.

ಎಚ್ಚರಿಕೆ: ಕೆರೆಯ ಗುಳ್ಳೆ ಅಥವಾ ಗ್ಯಾಸ್ ಗುಂಡಿಯ ಬಳಿ ಬೆಂಕಿ ಒಯ್ಯಬೇಡಿ.

ಯೋಚಿಸಿ

1. ಗೋಬರ್ ಗ್ಯಾಸ್ ಗುಂಡಿಯೊಳಗೆ ಗಾಳಿ ಹೋಗದಂತೆ ಮುಚ್ಚುವುದೇಕೆ?
2. ಪೋ ನದಿಯ ದಡದಲ್ಲಿ ನಿಮ್ಮ ಹೊಲವಿದ್ದಿದ್ದರೆ, ಬಾವಿ ಕೊರೆಯಲು ಬಂದವರನ್ನು ಯಾವ ಪ್ರಶ್ನೆ ಕೇಳುತ್ತಿದ್ದಿರಿ?