ದುಡಿಮೆಯ ಲೆಕ್ಕ

ಹಾರೂಗೇರಿಯು ರಾಯಬಾಗ ತಾಲ್ಲೂಕಿನ ಊರು. ಕಬ್ಬು, ಅರಿಸಿನಗಳ ಸೀಮೆ. ಹಿಂದೆ ಇಲ್ಲಿಯ ಒಕ್ಕಲು ಮನೆಗಳಲ್ಲಿ ಗಂಡುಮಕ್ಕಳು ಎಳವೆಯಲ್ಲಿಯೇ ಬಾರುಕೋಲು ಹಿಡಿಯುತ್ತಿದ್ದರು. ನೇಗಿಲು, ಕುಂಟೆ, ಕೂರಿಗೆ ಒಂದೊಂದಕ್ಕೂ ಎತ್ತು ಬೇಕು, ಎತ್ತಿನ ಹಿಂದೆ ಆಳು ಬೇಕು. ಈಗ ಅದೇ ಹೊಲವನ್ನು ಟ್ರ್ಯಾಕ್ಟರು ಕೆಲವೇ ಗಂಟೆಗಳಲ್ಲಿ ಉತ್ತು ಮುಗಿಸುತ್ತದೆ.

ಕೆಲಸದಲ್ಲಿರುವವರು, ಕೆಲಸ ಅರಸುವವರು ಇಬ್ಬರನ್ನೂ ಕೂಡಿಸಿ ದುಡಿಯುವ ಬಲವೆಂದು ಎಣಿಸುತ್ತಾರೆ. ಭಾರತದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರ ಪೈಕಿ ಈ ಬಲಕ್ಕೆ ಸೇರಿದವರು 2011-12ರಲ್ಲಿ ನೂರಕ್ಕೆ ಸುಮಾರು 80. 2017-18ರಲ್ಲಿ ಸುಮಾರು 76. 2023-24ರ ಹೊತ್ತಿಗೆ ಅದು ಮತ್ತೆ 79ರ ಸಮೀಪಕ್ಕೆ ಏರಿತು. ಅಮೆರಿಕದಲ್ಲಿ 1950ರಲ್ಲಿ 86ರಷ್ಟಿದ್ದ ಪ್ರಮಾಣವು ಈಚಿನ ವರ್ಷಗಳಲ್ಲಿ 68ರ ಆಸುಪಾಸಿಗೆ ಇಳಿದಿದೆ.

ಈ ಇಳಿತವೆಲ್ಲವನ್ನೂ ಸೋಮಾರಿತನವೆಂದು ಹಳಿಯುವುದು ಅನ್ಯಾಯ. ಬಾರುಕೋಲಿನ ಬದಲು ಪುಸ್ತಕ ಹಿಡಿದ ಹದಿನೇಳರ ಹುಡುಗನೂ ಈ ಲೆಕ್ಕದ ಹೊರಗೇ ಇದ್ದಾನೆ. ಅದು ಆ ಮನೆಯ ಭಾಗ್ಯ. ಪದವಿ ಪಡೆದು, ಸರಕಾರಿ ನೌಕರಿಯ ಪರೀಕ್ಷೆಗೆ ವರ್ಷವರ್ಷವೂ ಕುಳಿತು, ಕಡೆಗೆ ಅರ್ಜಿ ಹಾಕುವುದನ್ನೇ ಬಿಟ್ಟ ತರುಣನ ಸಂಗತಿ ಬೇರೆ. ಹುಡುಕುವ ತನಕ ಅವನು ನಿರುದ್ಯೋಗಿ. ಹುಡುಕುವುದನ್ನು ಬಿಟ್ಟ ಮೇಲೆ ಆ ಹೆಸರೂ ಅವನಿಗಿಲ್ಲ. ನಿರುದ್ಯೋಗ ಇಳಿಯಿತೆಂದು ಹಿಗ್ಗುವವರು ಇದನ್ನು ನೆನೆಯುವುದು ಕಡಮೆ.

ಊರಲ್ಲಿ ಕೆಲಸವೇ ಇಲ್ಲವೆನ್ನುವಂತಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಮಹಾರಾಷ್ಟ್ರದ ಬೀಡ ಕಡೆಯಿಂದ ಗಂಡಹೆಂಡಿರ ತಂಡಗಳು ಈ ಸೀಮೆಗೆ ಬರುತ್ತವೆ. ಆದರೆ ಮಗನು ಕಬ್ಬು ಕಡಿಯಲೆಂದು ಯಾವ ತಂದೆಯೂ ಸಾಲ ಮಾಡಿ ಓದಿಸಿರುವುದಿಲ್ಲ. ಹೊಲವುಳ್ಳ ಮನೆಯ ಪದವೀಧರನು ಬೆಳೆಗೆ ನೀರು ಹಾಯಿಸಿದರೆ, ಕೂಲಿ ಇಲ್ಲದಿದ್ದರೂ ಲೆಕ್ಕಿಗರು ಅವನನ್ನು ದುಡಿಯುವವನೆಂದು ಬರೆದುಕೊಳ್ಳುವರು. ಹೊಲವಿಲ್ಲದವನ ಮಗನಿಗೆ ಆ ಆಸರೆಯೂ ಇಲ್ಲ.